ಕಿರುಹಳಿಯ ಕಥೆಯಲ್ಲಿ ಬಿಟ್ಟುಹೋದ ಲೆಕ್ಕ

ಕೋಲಾರ–ಚಿಕ್ಕಬಳ್ಳಾಪುರದ ನ್ಯಾರೋಗೇಜ್ ರೈಲಿನ ಬಗ್ಗೆ ಕನ್ನಡದಲ್ಲಿ ಆಗಾಗ ಲೇಖನಗಳು ಬರುತ್ತಿರುತ್ತವೆ. ನೀವೂ ಒಂದೆರಡನ್ನು ಓದಿರಬಹುದು. ಅವುಗಳಲ್ಲಿ ಪುಟಾಣಿ ಎಂಜಿನ್ ಇರುತ್ತದೆ, ಓಡುವ ಗಾಡಿಯಿಂದ ಇಳಿದು ಹಣ್ಣು ಕಿತ್ತುಕೊಂಡು ಮತ್ತೆ ಹತ್ತುವ ಹುಡುಗರಿರುತ್ತಾರೆ, ನಂದಿ ಹಾಲ್ಟಿನ ಹೆಂಚಿನ ಮಾಡು ಇರುತ್ತದೆ. ನೆನಪುಗಳ ದಾಖಲೆಯಾಗಿ ಇವು ಬೆಲೆಯುಳ್ಳವು. ದೇವನಹಳ್ಳಿ, ನಂದಿ ಹಾಲ್ಟ್, ಆವತಿಹಳ್ಳಿ, ದೊಡ್ಡಜಾಲ, ಬೆಟ್ಟಹಲಸೂರುಗಳ ಹಳೆಯ ನಿಲ್ದಾಣ ಕಟ್ಟಡಗಳನ್ನು ಉಳಿಸಬೇಕೆಂಬ ಕೂಗಿಗೆ ಇಂಥ ಬರೆಹಗಳೂ ಬಲ ನೀಡಿವೆ. ಆದರೆ ವಿಜ್ಞಾನದ ವಿದ್ಯಾರ್ಥಿ ಇವುಗಳಿಂದ ಕಲಿಯುವುದೇನು ಎಂದು ಕೇಳಿದರೆ ಉತ್ತರ ನಿರಾಶಾದಾಯಕ. ಕಲಿಯುವ ಒಂದೆರಡು ಸಂಗತಿಗಳೂ ತಪ್ಪಾಗಿರುತ್ತವೆ.

ಎಲ್ಲಕ್ಕಿಂತ ಹೆಚ್ಚು ಬೇರೂರಿದ ತಪ್ಪು, ಕಿರಿದಾದ ಹಳಿ ಎಂದರೆ ಬೆಟ್ಟ ಹತ್ತಲು ಮಾಡಿದ ಹಳಿ ಎಂಬುದು. ಡಾರ್ಜಿಲಿಂಗ್, ಮಾಥೇರಾನ್, ಸ್ವಿಟ್ಜರ್‌ಲೆಂಡಿನ ಆಲ್ಪ್ಸ್ ಪರ್ವತದ ರೈಲುಗಳ ಚಿತ್ರಗಳನ್ನು ಪಕ್ಕದಲ್ಲಿಟ್ಟು ಈ ಮಾತನ್ನು ಹೇಳಲಾಗುತ್ತದೆ. ನಮ್ಮ ರಾಜ್ಯದ ಮುಖ್ಯ ನ್ಯಾರೋಗೇಜ್ ಮಾರ್ಗವೇ ಇದನ್ನು ಸುಳ್ಳು ಮಾಡುತ್ತದೆ. 1913ರಲ್ಲಿ ಬೌರಿಂಗ್‌ಪೇಟೆಯಿಂದ (ಇಂದಿನ ಬಂಗಾರಪೇಟೆ) ಕೋಲಾರಕ್ಕೆ 762 ಮಿಲಿಮೀಟರ್ ಅಗಲದ ಹಳಿ ಬಂದಿತು. ಅದೇ ದಶಕದಲ್ಲಿ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂಬ ಹೆಸರಿನಲ್ಲಿ ಇನ್ನೊಂದು ಕಡೆಯಿಂದ ಕೆಲಸ ನಡೆದು, ಕೊನೆಗೆ ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಕೋಲಾರಗಳು ಒಂದೇ ದಾರದಲ್ಲಿ ಪೋಣಿಸಿದಂತಾದವು. ಇದು ಬಯಲುಸೀಮೆ. ನಂದಿಬೆಟ್ಟ ಪಕ್ಕದಲ್ಲಿದೆ ನಿಜ, ಆದರೆ ರೈಲು ಅದರ ಬುಡದಲ್ಲಿ ಸುತ್ತಿ ಹೋಗುತ್ತಿತ್ತೇ ಹೊರತು ಮೇಲೇರುತ್ತಿರಲಿಲ್ಲ. (ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಇದ್ದ 2 ಅಡಿ ಅಗಲದ ಹಳಿ ಮಲೆನಾಡಿನದು. ಅದರ ಬಗ್ಗೆ ಬರೆಯುವವರೇ ಇಲ್ಲ.)

ಹಾಗಾದರೆ ಬಯಲಿನಲ್ಲಿ ಕಿರುಹಳಿ ಏಕೆ? ಹಣಕ್ಕಾಗಿ. ಹಳಿ ಹಗುರ, ಸ್ಲೀಪರ್ ಗಿಡ್ಡ, ಮಣ್ಣಿನ ಏರಿ ಕಿರಿದು, ಸೇತುವೆ ಹೊರಬೇಕಾದ ಭಾರ ಕಡಿಮೆ. ದಿನಕ್ಕೆ ಒಂದೆರಡು ಗಾಡಿ ಓಡುವಷ್ಟೇ ವ್ಯಾಪಾರವಿರುವ ಊರುಗಳಿಗೆ ಅದೇ ಸರಿಯೆಂದು ಅಂದಿನವರು ಲೆಕ್ಕ ಹಾಕಿದರು. ಬೆಟ್ಟದಲ್ಲಿಯೂ ಕಿರುಹಳಿ ಹಾಕಿಸಿದ್ದು ಬಹುಮಟ್ಟಿಗೆ ಇದೇ ಹಣದ ಲೆಕ್ಕ. ಏರಲು ಬೇಕಾದ ಬಲಕ್ಕೂ ಹಳಿಯ ಅಗಲಕ್ಕೂ ಸಂಬಂಧವೇ ಇಲ್ಲ.

ಇದನ್ನು ತರಗತಿಯಲ್ಲಿ ಐದು ನಿಮಿಷದಲ್ಲಿ ತೋರಿಸಬಹುದು. 1 ಟನ್ ತೂಕದ ಗಾಡಿಯನ್ನು 150 ಮೀಟರಿಗೆ 1 ಮೀಟರ್ ಏರುವ ದಾರಿಯಲ್ಲಿ ಎಳೆಯಲು, ಉರುಳು ಘರ್ಷಣೆಯನ್ನು ಬಿಟ್ಟರೆ, ಸುಮಾರು 65 ನ್ಯೂಟನ್ ಬಲ ಬೇಕು. 37ಕ್ಕೆ 1ರ ಏರಿನಲ್ಲಿ 265 ನ್ಯೂಟನ್. 12.5ಕ್ಕೆ 1 ಆದರೆ 784 ನ್ಯೂಟನ್. ಈ ಲೆಕ್ಕದಲ್ಲಿ ದ್ರವ್ಯರಾಶಿ ಇದೆ, ಗುರುತ್ವವಿದೆ, ಇಳಿಜಾರಿನ ಕೋನವಿದೆ. ಹಳಿಯ ಅಗಲ ಎಲ್ಲಿಯೂ ಬರಲಿಲ್ಲ. ಇನ್ನು ಎಂಜಿನ್ನಿಗೆ ಸಿಗುವ ಬಲವೆಂದರೆ, ಚಾಲಕ ಚಕ್ರಗಳ ಮೇಲಿರುವ ಭಾರವನ್ನು ಘರ್ಷಣಾಂಕದಿಂದ ಗುಣಿಸಿದಷ್ಟು. ಉಕ್ಕಿನ ಮೇಲೆ ಉಕ್ಕಿಗೆ ಅದು ಒಣಗಿದಾಗ 0.2ರ ಆಸುಪಾಸು, ಮಳೆಯಲ್ಲಿ ಇನ್ನೂ ಕಡಿಮೆ. ಇಡೀ ಗಾಡಿಯ ತೂಕದ ಕಾಲುಭಾಗ ಮಾತ್ರ ಚಾಲಕ ಚಕ್ರಗಳ ಮೇಲಿದ್ದರೆ 20ಕ್ಕೆ 1ರ ಏರಿನಾಚೆಗೆ ಚಕ್ರ ಜಾರುತ್ತದೆ. ನೀಲಗಿರಿಯಲ್ಲಿ 12.5ಕ್ಕೆ 1ರ ಏರಿಗೆ ಸ್ವಿಸ್ ಎಂಜಿನಿಯರ್ ರೋಮನ್ ಆಬ್ಟ್ ರೂಪಿಸಿದ ಹಲ್ಲುಹಳಿಯನ್ನು ನಡುವೆ ಹಾಕಬೇಕಾದುದು ಇದರಿಂದಲೇ. ಅಲ್ಲಿನ ಪ್ರಸಿದ್ಧ ಉಗಿ ಎಂಜಿನ್‌ಗಳು ಸ್ವಿಟ್ಜರ್‌ಲೆಂಡಿನ ವಿಂಟರ್‌ಥೂರ್‌ನಲ್ಲಿ ತಯಾರಾದವು. ಅಂದಹಾಗೆ, ಪುಟಾಣಿ ರೈಲುಗಳ ಪಟ್ಟಿಯಲ್ಲಿ ಡಾರ್ಜಿಲಿಂಗ್ ಜೊತೆ ತಪ್ಪದೆ ಸೇರುವ ಈ ನೀಲಗಿರಿ ಮಾರ್ಗ ನ್ಯಾರೋಗೇಜ್ ಅಲ್ಲವೇ ಅಲ್ಲ, ಮೀಟರ್‌ಗೇಜ್.

ಸ್ವಿಟ್ಜರ್‌ಲೆಂಡಿನ ರೇಷಿಯನ್ ರೈಲ್ವೆಯದೂ ಅದೇ 1000 ಮಿಲಿಮೀಟರ್ ಹಳಿ. ಅದರ ಬರ್ನೀನ ಮಾರ್ಗ 1910ರಲ್ಲಿ ಪೂರ್ಣಗೊಂಡಿತು. ಅಲ್ಲಿ 100 ಮೀಟರಿಗೆ 7 ಮೀಟರ್ ಏರು, ಅಂದರೆ 14ಕ್ಕೆ 1ರಷ್ಟು; ಆದರೆ ಹಲ್ಲುಹಳಿ ಇಲ್ಲ! ಗುಟ್ಟು ಹಳಿಯ ಅಗಲದಲ್ಲಿಲ್ಲ, ವಿದ್ಯುತ್ ಮೋಟಾರಿನಲ್ಲಿದೆ. ಮೋಟಾರುಗಳನ್ನು ಹಲವು ಅಚ್ಚುಗಳಿಗೆ ಹಂಚಿದರೆ ಗಾಡಿಯ ತೂಕದ ಹೆಚ್ಚಿನ ಪಾಲು ಚಾಲಕ ಚಕ್ರಗಳ ಮೇಲೆಯೇ ಬೀಳುತ್ತದೆ. ನೀಲಗಿರಿ ಮತ್ತು ಬರ್ನೀನ ಎರಡೂ ಯುನೆಸ್ಕೊ ಪಟ್ಟಿಯಲ್ಲಿವೆ, ಎರಡರ ಹಳಿಯೂ ಅಷ್ಟೇ ಅಗಲ, ಪರಿಹಾರ ಮಾತ್ರ ಬೇರೆ. ಇಂಥ ಹೋಲಿಕೆಯನ್ನು ನಮ್ಮ ರೈಲು ಲೇಖನಗಳಲ್ಲಿ ನಾನು ಕಂಡಿಲ್ಲ.

ಕಿರುಹಳಿಗೆ ನಿಜವಾದ ಅನುಕೂಲವಿರುವುದು ತಿರುವಿನಲ್ಲಿ. ರೈಲಿನ ಎರಡು ಚಕ್ರಗಳು ಒಂದೇ ಅಚ್ಚಿಗೆ ಬಿಗಿದಿರುತ್ತವೆ, ಒಂದೇ ಸಂಖ್ಯೆಯ ಸುತ್ತು ತಿರುಗಲೇಬೇಕು. ಆದರೆ ಕಾಲುಸುತ್ತಿನ ತಿರುವಿನಲ್ಲಿ ಹೊರಹಳಿ ಒಳಹಳಿಗಿಂತ ಉದ್ದ. ಎಷ್ಟು ಉದ್ದ? ಅಗಲವನ್ನು 1.57ರಿಂದ ಗುಣಿಸಿ: ಬ್ರಾಡ್‌ಗೇಜಿಗೆ 2.63 ಮೀಟರ್, ಕೋಲಾರದ ಹಳಿಗೆ 1.20 ಮೀಟರ್. ತಿರುವಿನ ತ್ರಿಜ್ಯ ಎಷ್ಟೇ ಇರಲಿ ಈ ವ್ಯತ್ಯಾಸ ಬದಲಾಗದು, ವಿದ್ಯಾರ್ಥಿಗಳು ಇದನ್ನು ಸುಲಭಕ್ಕೆ ನಂಬುವುದಿಲ್ಲ, ಅಂಗಳದಲ್ಲಿ ಹಗ್ಗ ಹಿಡಿದು ಅಳೆಸಬೇಕು. ಚಕ್ರದ ಮೈ ಸ್ವಲ್ಪ ಶಂಕುವಿನಾಕಾರದಲ್ಲಿರುವುದರಿಂದ ಗಾಡಿ ಹೊರಕ್ಕೆ ಸರಿದಾಗ ಹೊರಚಕ್ರ ದೊಡ್ಡ ಸುತ್ತಳತೆಯ ಮೇಲೆ ಉರುಳಿ ಅಂತರವನ್ನು ತುಂಬಿಕೊಳ್ಳುತ್ತದೆ. ತುಂಬಿಕೊಳ್ಳಬಹುದಾದ ಮಿತಿಯು ಅಗಲವನ್ನು ತ್ರಿಜ್ಯದಿಂದ ಭಾಗಿಸಿದ ಪ್ರಮಾಣವನ್ನು ಅವಲಂಬಿಸಿದೆ. ಕೋಲಾರದ ಹಳಿ 100 ಮೀಟರ್ ತ್ರಿಜ್ಯದಲ್ಲಿ ಪಡುವ ಕಷ್ಟವನ್ನು ಬ್ರಾಡ್‌ಗೇಜ್ 220 ಮೀಟರಿನಲ್ಲೇ ಪಡುತ್ತದೆ. ಗುಡ್ಡ ಕಡಿಯದೆ ಸುತ್ತಿಹೋಗಲು ಕಿರುಹಳಿ ಒದಗುವುದು ಹೀಗೆ.

ಈಗ ವೇಗದ ಮಾತು. ಕಿರುಹಳಿಯಾದ್ದರಿಂದ ನಿಧಾನ ಎನ್ನುತ್ತಾರೆ. ತಿರುವಿನಲ್ಲಿ ಹೊರಹಳಿಯನ್ನು ಎತ್ತರಿಸಿ ಗಾಡಿಯನ್ನು ಒಳಕ್ಕೆ ವಾಲಿಸುವುದು ನಿಮಗೆ ಗೊತ್ತು. ವೇಗದ ವರ್ಗವನ್ನು ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದರೆ ಬೇಕಾದ ಓರೆ ಸಿಗುತ್ತದೆ. ಅಗಲದ ಹತ್ತನೆಯ ಒಂದರಷ್ಟು ಎತ್ತರಿಸಿದರೆ, 100 ಮೀಟರ್ ತ್ರಿಜ್ಯಕ್ಕೆ ಗಂಟೆಗೆ 36 ಕಿಲೋಮೀಟರ್, 1250 ಮೀಟರಿಗೆ 126 ಕಿಲೋಮೀಟರ್, ಹಳಿ ಯಾವುದೇ ಇರಲಿ. ನಿಧಾನಕ್ಕೆ ಕಾರಣ ಚೂಪು ತಿರುವು, ಹಗುರ ಹಳಿ, ಸಡಿಲ ಏರಿ, ಹಳಿಗಿಂತ ಎರಡೂ ಬದಿಗೆ ಚಾಚಿಕೊಂಡ ಬೋಗಿಗಳು ಉರುಳಿಬೀಳುವ ಭಯ. ಇವುಗಳಲ್ಲಿ ಕೊನೆಯದಕ್ಕೆ ಮಾತ್ರ ಅಗಲ ನೇರ ಕಾರಣ. ಮಿಕ್ಕವು ಹಣ ಉಳಿಸಿದ್ದರ ಫಲ.

1250 ಎಂಬ ಸಂಖ್ಯೆಯನ್ನು ಸುಮ್ಮನೆ ಆರಿಸಲಿಲ್ಲ. ಕೊಂಕಣ ರೈಲ್ವೆ ತನ್ನ ತಿರುವುಗಳಿಗೆ ಇಟ್ಟುಕೊಂಡ ಕನಿಷ್ಠ ತ್ರಿಜ್ಯ ಅದು, ಏರಿನ ಮಿತಿ 150ಕ್ಕೆ 1. ಅಪ್ಸರಕೊಂಡದ ಗುಡ್ಡದ ಮೇಲೆ ನಿಂತರೆ ಒಂದು ಬದಿ ಕಡಲು, ಇನ್ನೊಂದು ಬದಿ ಘಟ್ಟದ ಸಾಲು. ಇವೆರಡರ ನಡುವಿನ ಕಿರಿದಾದ ಪಟ್ಟಿಯಲ್ಲಿ, ಹೊಳೆಗೊಂದು ಗುಡ್ಡಕ್ಕೊಂದು ಅಡ್ಡಿಯಿರುವ ನೆಲದಲ್ಲಿ, 1998ರಲ್ಲಿ ಪೂರ್ಣವಾಗಿ ತೆರೆದುಕೊಂಡದ್ದು ಬ್ರಾಡ್‌ಗೇಜ್. ಕಿರುಹಳಿ ಬೆಟ್ಟಕ್ಕೆ, ಅಗಲಹಳಿ ಬಯಲಿಗೆ ಎಂಬ ಪಾಠ ನಿಜವಾಗಿದ್ದರೆ ಇವೆರಡೂ ಅದಲುಬದಲಾಗಿರಬೇಕಿತ್ತು. ಕೊಂಕಣದಲ್ಲಿ ಸುತ್ತಿಹೋಗುವ ಬದಲು 91 ಸುರಂಗ ಕೊರೆದರು, ಹೊನ್ನಾವರದಲ್ಲಿ ಶರಾವತಿಗೆ 2 ಕಿಲೋಮೀಟರಿಗೂ ಉದ್ದದ ಸೇತುವೆ ಕಟ್ಟಿದರು. ತಿರುವಿನಲ್ಲಿ ಉಳಿಸಬಹುದಾದ ಹಣವನ್ನು ವೇಗಕ್ಕಾಗಿ ಖರ್ಚು ಮಾಡಿದ ಮಾರ್ಗವಿದು.

ಈ ಲೇಖನಗಳ ಇನ್ನೊಂದು ಕೊರತೆ ಕೋಲಾರದ ಹಳಿಯ ಅಂತ್ಯವನ್ನು ಹೇಳುವ ರೀತಿ. ಬ್ರಾಡ್‌ಗೇಜ್ ಬಂತು, ಪುಟಾಣಿ ಹೋಯಿತು ಎಂದು ಒಂದು ನಿಟ್ಟುಸಿರಿನಲ್ಲಿ ಮುಗಿಸುತ್ತಾರೆ. ಆ ಹಳಿಯ ಎರಡು ತುದಿಗಳನ್ನು ನೋಡಿ. ಬಂಗಾರಪೇಟೆಯಲ್ಲಿ ಮದ್ರಾಸಿನ ಕಡೆಯ ಬ್ರಾಡ್‌ಗೇಜ್ ಇತ್ತು. ಚಿನ್ನದ ಗಣಿಗೆ ಹೋಗುವ ಕವಲು ಹಳಿಯೂ 1894ರಿಂದಲೇ ಬ್ರಾಡ್‌ಗೇಜ್. ಯಲಹಂಕದ ಕಡೆ ಮೀಟರ್‌ಗೇಜ್. ನಡುವಿನ ಶಿಡ್ಲಘಟ್ಟ, ಚಿಂತಾಮಣಿಗಳ ಸರಕು ಯಾವ ದಿಕ್ಕಿಗೆ ಹೋದರೂ ಒಂದು ಸಲ ಇಳಿಸಿ ಮತ್ತೆ ಹೇರಲೇಬೇಕು. ಹಮಾಲಿ ಕೂಲಿ, ತಡ, ನಷ್ಟ ಇವೆಲ್ಲ ಸೇರಿದಾಗ ಲಾರಿಯ ಎದುರು ಕಿರುಹಳಿ ಸೋತಿತು. ಸ್ವಿಸ್ ಕಿರುಹಳಿಗಳಿಗೂ ಈ ತೊಡಕು ಇತ್ತು. ಆದರೆ ಅಲ್ಲಿ ವಿದ್ಯುದೀಕರಣ ಮಾಡಿ ಉಳಿಸಿಕೊಂಡರು. ನಮ್ಮಲ್ಲಿ 1992ರಲ್ಲಿ ಆರಂಭವಾದ ಏಕಗೇಜ್ ಯೋಜನೆಯಡಿ ಬದಲಾಯಿಸಲು ಹೊರಟರು. ಅದರಲ್ಲಿ ತಪ್ಪು ಕಾಣಲಾರೆ. ತಪ್ಪು ನಡೆದದ್ದು ಕಾಲಾವಧಿಯಲ್ಲಿ. ಎರಡೂ ತುದಿಗಳು 1990ರ ದಶಕದಲ್ಲೇ ಬ್ರಾಡ್‌ಗೇಜ್ ಆದವು. ನಡುವಿನ ಚಿಕ್ಕಬಳ್ಳಾಪುರ–ಕೋಲಾರ ಭಾಗಕ್ಕೆ ಹೊಸ ಹಳಿಯಲ್ಲಿ ರೈಲು ಬಂದುದು 2013ರ ನವೆಂಬರಿನಲ್ಲಿ. ಅಷ್ಟು ವರ್ಷ ಆ ಊರುಗಳಿಗೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಅಷ್ಟರಲ್ಲಿ ಒಂದು ಪೀಳಿಗೆ ಬಸ್ಸಿಗೆ ಒಗ್ಗಿಕೊಂಡಿತು. ನೆನಪಿನ ಲೇಖನಗಳಲ್ಲಿ ಈ ಖಾಲಿ ವರ್ಷಗಳಿಗೆ ಜಾಗವಿಲ್ಲ.

ಇದನ್ನೆಲ್ಲ ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಶಿವಮೊಗ್ಗದಿಂದ ಬರುವ ರೈಲು ಇಂದಿಗೂ ತಾಳಗುಪ್ಪದಲ್ಲಿ ನಿಲ್ಲುತ್ತದೆ. ಅದನ್ನು ಹೊನ್ನಾವರಕ್ಕೆ ಇಳಿಸಬೇಕೆಂಬುದು ನಮ್ಮ ಕಡೆಯ ಹಳೆಯ ಬೇಡಿಕೆ. ಘಟ್ಟಕ್ಕೆ ಒಂದು ಪುಟ್ಟ ರೈಲನ್ನಾದರೂ ಕೊಡಿ ಎಂದು ವಿದ್ಯಾವಂತರೂ ಕೇಳುತ್ತಾರೆ. ಪುಟ್ಟದಾದರೆ ಘಟ್ಟ ಇಳಿಯುವುದು ಸುಲಭ ಎಂಬ ನಂಬಿಕೆ ಆ ಮಾತಿನ ಹಿಂದಿದೆ. ಎತ್ತರದ ವ್ಯತ್ಯಾಸವನ್ನು ಸುಮಾರು 600 ಮೀಟರ್ ಎಂದು ಹಿಡಿಯೋಣ. ಕೊಂಕಣ ರೈಲ್ವೆಯ 150ಕ್ಕೆ 1ರಲ್ಲಿ ಇಳಿಯಲು ಕನಿಷ್ಠ 90 ಕಿಲೋಮೀಟರ್ ಇಳಿಜಾರು ಬೇಕು. ಕ್ಯಾಸಲ್‌ರಾಕ್ ಘಟ್ಟದ 37ಕ್ಕೆ 1ರಲ್ಲಾದರೆ 22 ಕಿಲೋಮೀಟರ್ ಸಾಕು, ಆದರೆ ಅಲ್ಲಿಯಂತೆ ಏರುವ ಗಾಡಿಗೆ ಹಿಂದಿನಿಂದ ತಳ್ಳುವ ಎಂಜಿನ್ ಬೇಕಾಗುತ್ತದೆ, ಇಳಿಯುವಾಗ ಬ್ರೇಕಿನ ಚಿಂತೆ ಬೇರೆ. ನೀಲಗಿರಿಯ ಏರಿನಲ್ಲಿ ಏಳೂವರೆ ಕಿಲೋಮೀಟರ್. ಆಗ ಹಲ್ಲುಹಳಿಯಿಲ್ಲದೆ ಸಾಗದು, ಸರಕು ಸಾಗಣೆಯ ಮಾತು ಬಿಡಿ. ಈ ಮೂರು ಉತ್ತರಗಳಲ್ಲಿ ಯಾವುದಕ್ಕೂ ಹಳಿಯ ಅಗಲ ಬೇಕಾಗಲಿಲ್ಲ. ಅಗಲ ಬೇಕಾಗುವುದು ನಂತರ, ಅಷ್ಟು ಉದ್ದದ ದಾರಿ ಸಿಂಗಳೀಕಗಳಿರುವ ಶರಾವತಿ ಕಣಿವೆಯ ಕಾಡಿನಲ್ಲಿ ಎಷ್ಟು ಅಗಲದ ಸೀಳು ಬೀಳಿಸುತ್ತದೆ, ಎಷ್ಟು ಕಡೆ ಸುತ್ತಬಹುದು, ಎಷ್ಟು ಕಡೆ ಸುರಂಗ ಕೊರೆಯಬೇಕು ಎಂದು ಕೇಳುವಾಗ. ಸರ್ವೇ ಇಲಾಖೆಯ ಸಮೋನ್ನತಿ ರೇಖೆಗಳ ನಕ್ಷೆಯೊಂದು ಶಾಲೆಯಲ್ಲಿದ್ದರೆ, ಹತ್ತನೆಯ ತರಗತಿಯ ಮಕ್ಕಳೂ ದಾರ ಇಟ್ಟು ಈ ದಾರಿಯನ್ನು ಹುಡುಕಲು ಪ್ರಯತ್ನಿಸಬಹುದು.