ಏಕಚಕ್ರಪುರದ ಬಕ ಮತ್ತು ಆಟದ ಗ್ರಂಥದ ರಾಕ್ಷಸ: 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆವೃತ್ತಿಗಳ ಒಂದು ತೌಲನಿಕ ವಿವೇಚನೆ

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಮತ್ತು ಚಿಂತಾಮಣಿ ತಾಲ್ಲೂಕಿನ ಕೈವಾರ ಇವೆರಡೂ ಕನ್ನಡ-ತೆಲುಗುಗಳು ಒಂದೇ ಮನೆಯಲ್ಲಿ ಬಳಕೆಯಾಗುವ ಸೀಮೆಗೆ ಸೇರಿದ ಊರುಗಳು. ಕೈವಾರವನ್ನು ಮಹಾಭಾರತದ ಏಕಚಕ್ರಪುರವೆಂದು ಸ್ಥಳೀಯ ಪರಂಪರೆ ಗುರುತಿಸುತ್ತದೆ. ಅಲ್ಲಿನ ಬೆಟ್ಟ ಬಕಾಸುರನ ನೆಲೆಯೆಂದೂ ಭೀಮಲಿಂಗೇಶ್ವರನ ಗುಡಿ ಭೀಮನ ಹೆಸರಿನದೆಂದೂ ಜನ ನಂಬಿ ಬಂದಿದ್ದಾರೆ. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ಆಡುವ ಪರಮಪದ ಸೋಪಾನ ಪಟಕ್ಕೆ ತೆಲುಗರು ವೈಕುಂಠಪಾಳಿ ಎನ್ನುತ್ತಾರೆ. ಅದರ ಮನೆಗಳಲ್ಲಿಯೂ ಬಕಾಸುರನಿಗೆ ಒಂದು ಸ್ಥಾನವುಂಟು, ಹಾವಿನ ಬಾಯಿ ಅದು. ಹೀಗೆ ಈ ನೆಲದ ರಾಕ್ಷಸ ಬೆಟ್ಟದಲ್ಲೂ ಇದ್ದಾನೆ, ಆಟದ ಹಾಸಿನಲ್ಲೂ ಇದ್ದಾನೆ.

ಅದೇ ಕುಲನಾಮ 20ನೆಯ ಶತಮಾನದ ಕೊನೆಯ ಪಾದದಲ್ಲಿ ಮತ್ತೊಂದು ಹಾಸಿನ ಮೇಲೆ ಕಾಣಿಸಿಕೊಂಡಿತು. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ 1974ರಲ್ಲಿ ಮೂರು ಕಿರುಹೊತ್ತಗೆಗಳಾಗಿ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಪಾತ್ರಾಭಿನಯದ ಆಟಕ್ಕೆ ಅರ್ಧ ಶತಮಾನದಲ್ಲಿ ಹಲವು ಆವೃತ್ತಿಗಳು ಬಂದಿವೆ. ಮೇಜಿನ ಸುತ್ತ ಕುಳಿತ ನಾಲ್ಕೈದು ಮಂದಿ ಒಂದೊಂದು ಪಾತ್ರ ವಹಿಸುತ್ತಾರೆ. 'ಡಂಜನ್ ಮಾಸ್ಟರ್' ಎಂಬಾತ ಕಥೆ ನಡೆಸುತ್ತಾನೆ. ಫಲಾಫಲಗಳನ್ನು ದಾಳ ನಿರ್ಣಯಿಸುತ್ತದೆ. ಭಾಗವತ, ಪ್ರಸಂಗ, ಅರ್ಥಧಾರಿ ಎಂಬ ಮೂರು ಪದಗಳನ್ನು ಬಲ್ಲವರಿಗೆ ಈ ಆಟದ ವಿನ್ಯಾಸ ಅಪರಿಚಿತವೆನಿಸದು. ತಾಳಮದ್ದಲೆಯಲ್ಲಿ ಕಥೆಯ ಗತಿ ಮೊದಲೇ ಗೊತ್ತಾಗಿರುತ್ತದೆ, ಮಾತು ಮಾತ್ರ ಆಶು. ಇಲ್ಲಿ ಗತಿಯೂ ಆಶುವೇ. ಹಳೆಯ ಆವೃತ್ತಿ ಮೇಲೋ ಹೊಸದು ಮೇಲೋ ಎಂಬ ವಾದ ಆ ಆಟಗಾರರಲ್ಲಿ ದಶಕಗಳಿಂದ ನಡೆದಿದೆ. ನಿಯಮದ ಸೌಕರ್ಯವನ್ನು ಮಾತ್ರ ನೋಡಿ ಆ ವಾದವನ್ನು ತೀರ್ಮಾನಿಸಲಾಗದು. ನಮ್ಮಿಂದ ಹೋದ ಒಂದು ಪಾತ್ರ ಆ ಗ್ರಂಥಗಳಲ್ಲಿ ಏನಾಯಿತೆಂಬ ಪ್ರಶ್ನೆ ಹೆಚ್ಚು ಫಲಕಾರಿಯಾದುದು.

ರಾಕ್ಷಸನ ಪ್ರವೇಶ 1975ರ ಡಿಸೆಂಬರಿನಲ್ಲಿ, 'ದಿ ಸ್ಟ್ರಾಟೆಜಿಕ್ ರಿವ್ಯೂ' ಎಂಬ ಪತ್ರಿಕೆಯ ಮೂಲಕ ಆಯಿತು. 1977ರ 'ಮಾನ್‌ಸ್ಟರ್ ಮ್ಯಾನ್ಯುಅಲ್' ಅವನಿಗೆ ಸ್ಥಿರ ರೂಪ ಕೊಟ್ಟಿತು. ಆ ಗ್ರಂಥದ ಪ್ರಕಾರ ಅವನು ಮೊದಲು ಭಾರತದಲ್ಲಿ ಕಂಡವನು, ನರಮಾಂಸಪ್ರಿಯ, ಮಾಯಾವಿ. ಎದುರಿದ್ದವರ ಮನಸ್ಸನ್ನು ಓದಿ ಅವರು ನಂಬುವ ವ್ಯಕ್ತಿಯ ರೂಪದಲ್ಲಿ ತೋರಿಕೊಳ್ಳುವವನು. ಕಡಿಮೆ ಸಂಖ್ಯೆಯೇ ಹೆಚ್ಚು ರಕ್ಷಣೆಯೆಂದು ಎಣಿಸುತ್ತಿದ್ದ ಆ ಆವೃತ್ತಿಯಲ್ಲಿ ಅವನ ಕವಚದ ಅಂಕ ಋಣ 4. ಸಾಮಾನ್ಯ ಆಯುಧ ತಾಗದ, ಬಹುತೇಕ ಮಂತ್ರಗಳು ನಾಟದ ಈ ಜೀವಿ ಪುರೋಹಿತನು ಹರಸಿದ ಅಡ್ಡಬಿಲ್ಲಿನ ಒಂದೇ ಬಾಣಕ್ಕೆ ಸಾಯುತ್ತಾನೆ. ಡೇವಿಡ್ ಟ್ರಾಂಪಿಯರ್ ಬರೆದ ಚಿತ್ರದಲ್ಲಿ ಹುಲಿಮುಖದ ರಾಕ್ಷಸನು ಶ್ರೀಮಂತನ ಉಡುಪಿನಲ್ಲಿ ಕುಳಿತು ಚುಟ್ಟಾ ಕೊಳವೆ ಸೇದುತ್ತಿದ್ದಾನೆ.

ಈ ಬಾಣ ಯಾವ ಪುರಾಣದ್ದು? ಹಿಡಿಂಬನನ್ನಾಗಲಿ ಬಕನನ್ನಾಗಲಿ ಭೀಮ ಕೊಂದದ್ದು ಬರಿಗೈಯಲ್ಲಿ. ಬಕನ ಬೆನ್ನನ್ನು ಮೊಣಕಾಲಿಗೆ ಕೊಟ್ಟು ಮುರಿದ. ಹರಸಿದ ಬಾಣದ ಮೂಲ ಬೇರೆಡೆ ಇದೆ. 1974ರ ಡಿಸೆಂಬರಿನಲ್ಲಿ ಅಮೆರಿಕದ ದೂರದರ್ಶನದಲ್ಲಿ 'ಕೋಲ್‌ಚಾಕ್: ದಿ ನೈಟ್ ಸ್ಟಾಕರ್' ಎಂಬ ಭಯಕಥಾ ಮಾಲಿಕೆಯ ಒಂದು ಕಂತು ಪ್ರಸಾರವಾಯಿತು. ಅದರಲ್ಲಿ ನಂಬುಗೆಯ ವ್ಯಕ್ತಿಯ ರೂಪ ತಳೆದು ಬರುವ ರಾಕ್ಷಸನಿದ್ದಾನೆ, ಅವನನ್ನು ಕೊಲ್ಲುವ ಹರಸಿದ ಅಡ್ಡಬಿಲ್ಲಿನ ಬಾಣವೂ ಇದೆ. ಒಂದು ವರ್ಷದ ಅಂತರದಲ್ಲಿ ಎರಡೂ ಲಕ್ಷಣಗಳು ಆಟದ ಪುಟಕ್ಕೆ ಬಂದಿವೆ. ಆಟದ ರಾಕ್ಷಸನಿಗೆ ತೀರ ಸಮೀಪದ ಪೂರ್ವಜ, ಆದ್ದರಿಂದ, ವ್ಯಾಸನೂ ಅಲ್ಲ ವಾಲ್ಮೀಕಿಯೂ ಅಲ್ಲ, ಒಂದು ಕಿರುತೆರೆಯ ಕಂತು. ಇದನ್ನು ಹೀಯಾಳಿಸಬೇಕಾಗಿಲ್ಲ. ನಮ್ಮ ಬಯಲಾಟಗಳ ರಾಕ್ಷಸರೂ ಮೂಲಗ್ರಂಥದಿಂದ ನೇರವಾಗಿ ಇಳಿದು ಬಂದವರಲ್ಲ. ಆದರೆ ಒಂದು ಗಾಳಿಮಾತು ನಿಯಮಗ್ರಂಥದಲ್ಲಿ ಅಚ್ಚಾದೊಡನೆ ಶಾಸ್ತ್ರವಾಗಿಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ.

ಮುಂದಿನ ಆವೃತ್ತಿಗಳು ಈ ಶಾಸ್ತ್ರವನ್ನು ತಿದ್ದಿದವೇ ಹೊರತು ಬಿಡಲಿಲ್ಲ. 1989ರಲ್ಲಿ ಆರಂಭವಾದ ಎರಡನೆಯ ಆವೃತ್ತಿಯ ಕಾಲದಲ್ಲಿ ರಾಕ್ಷಸರಿಗೆ ರಾಜ, ಮಹಾರಾಜ ಎಂಬ ಪದವಿಗಳುಳ್ಳ ಒಂದು ಶ್ರೇಣಿ ದೊರೆಯಿತು. ಟಿಎಸ್‌ಆರ್ ಸಂಸ್ಥೆಯನ್ನು 1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕೊಂಡ ಮೇಲೆ 2000ದಲ್ಲಿ ಮೂರನೆಯ ಆವೃತ್ತಿ ಬಂತು. 2003ರ ಪರಿಷ್ಕರಣದಲ್ಲಿ ಹರಸಿದ ಬಾಣ ಮಾಯವಾಗಿ, ಚುಚ್ಚುವಂಥದೂ ಶುಭಶಕ್ತಿಯುಳ್ಳದೂ ಆದ ಆಯುಧ ಮಾತ್ರ ಅವನಿಗೆ ಪೂರ್ತಿಯಾಗಿ ತಾಗುತ್ತದೆಂಬ ನಿಯಮ ಬಂದಿತು. ಬಾಣದ ನೆನಪು ಅದರ ಮೊನೆಯಲ್ಲಿ ಉಳಿಯಿತೆನ್ನಬಹುದು. ಅಂಗೈ ಇರಬೇಕಾದಲ್ಲಿ ಮುಂಗೈ ಇರುವ ತಿರುವುಮುರುವಾದ ಕೈಗಳೂ ಆ ಪುಟದ ವರ್ಣನೆಯಲ್ಲಿವೆ. 2008ರ ನಾಲ್ಕನೆಯ ಆವೃತ್ತಿ ಅವನನ್ನು ಯೋಧ, ಬಿಲ್ಲುಗಾರ, ಕುಲೀನ ಎಂಬ ರಣರಂಗದ ಕಸುಬುಗಳಾಗಿ ಒಡೆಯಿತು. 2014ರ ಐದನೆಯ ಆವೃತ್ತಿಯಲ್ಲಿ ಅವನು ನರಕಲೋಕದಿಂದ ಬಂದ ದುರಾತ್ಮ. ಕವಚದ ಅಂಕ 16, ಪ್ರಾಣಾಂಕ 110, ಸತ್ತರೂ ನರಕಕ್ಕೆ ಮರಳಿ ಸೇಡಿಗೆ ಕಾಯುವವನು. ಸಜ್ಜನನ ಕೈಯ ಚುಚ್ಚುವ ಮಾಂತ್ರಿಕ ಆಯುಧಕ್ಕೆ ಅವನು ಈಗಲೂ ದುರ್ಬಲನೇ. ಕಿರುತೆರೆಯ ಬಾಣ ನಲವತ್ತು ವರ್ಷ ಹಾರಿ ಅಲ್ಲಿಗೆ ಬಂದು ನಾಟಿದೆ.

ಈ ಪಟ್ಟಿಯಲ್ಲಿ ಒಂದು ಅಪವಾದವನ್ನು ವಿಶೇಷವಾಗಿ ಹೇಳಬೇಕು. 2009ರಲ್ಲಿ ನಾಲ್ಕನೆಯ ಆವೃತ್ತಿಯ ಎರಡನೆಯ ಆಟಗಾರರ ಕೈಪಿಡಿ 'ದೇವ' ಎಂಬ ಕುಲವನ್ನು ತಂದಿತು. ಜನ್ಮಾಂತರಗಳನ್ನು ಎತ್ತುತ್ತ ಬರುವ ದೇವನು ದುಷ್ಟತನಕ್ಕೆ ಜಾರಿದರೆ ರಾಕ್ಷಸನಾಗಿ ಹುಟ್ಟುತ್ತಾನೆ ಎಂಬುದು ಅಲ್ಲಿನ ಕಲ್ಪನೆ. ಜಯವಿಜಯರ ಶಾಪದ ಕಥೆ ಬಲ್ಲವರಿಗೆ ಇದು ಹತ್ತಿರದ್ದೆನಿಸುತ್ತದೆ. ಆಟಗಾರರಲ್ಲಿ ಅನೇಕರು ಕಡುಕೋಪದಿಂದ ತಳ್ಳಿಹಾಕಿದ ಆವೃತ್ತಿಯಲ್ಲಿಯೇ ರಾಕ್ಷಸನಿಗೆ ಒಂದು ಪೂರ್ವಜನ್ಮ ಸಿಕ್ಕಿತೆಂಬುದು ಗಮನಾರ್ಹ.

ರೂಪದ ದೃಷ್ಟಿಯಿಂದ ಹೊಸತು ಹಳತಿಗಿಂತ ಹೆಚ್ಚು ಯೋಚಿಸಿ ಬರೆದದ್ದು ಎಂಬುದರಲ್ಲಿ ಸಂದೇಹವಿಲ್ಲ. 1980ರ 'ಡಿಟೀಸ್ ಅಂಡ್ ಡೆಮಿಗಾಡ್ಸ್' ಗ್ರಂಥದಲ್ಲಿ ಇಂದ್ರಾದಿ ದೇವತೆಗಳಿಗೂ ಪ್ರಾಣಾಂಕ ಕೊಟ್ಟು, ಕೊಲ್ಲಬಹುದಾದವರ ಸಾಲಿನಲ್ಲಿ ನಿಲ್ಲಿಸಲಾಗಿತ್ತು. ಹುಟ್ಟಿನಿಂದಲೇ ದುಷ್ಟವಾದ ಕುಲಗಳೆಂಬ ಭಾವನೆಯನ್ನು ತಿದ್ದುವುದಾಗಿ ಪ್ರಕಾಶಕರು 2020ರಲ್ಲಿ ಹೇಳಿದರು. 2024ರ ಕೈಪಿಡಿಯಲ್ಲಿ ಜನಾಂಗ ಎಂಬರ್ಥದ ಪದ ಹೋಗಿ ಜೀವಜಾತಿ ಎಂಬರ್ಥದ ಪದ ಬಂದಿದೆ. ಈ ಬಗೆಯ ತಿದ್ದುಪಡಿ ಕನ್ನಡಕ್ಕೆ ಹೊಸದಲ್ಲ. ನಾಗಚಂದ್ರನ 'ರಾಮಚಂದ್ರಚರಿತಪುರಾಣ' ಜೈನ ಪರಂಪರೆಯನ್ನು ಅನುಸರಿಸಿ ರಾಕ್ಷಸರನ್ನು ನರಭಕ್ಷಕರೆಂದು ಬಗೆಯದೆ ವಿದ್ಯಾಧರರ ಒಂದು ವಂಶವೆಂದು ಕಂಡಿತು. ಪರಸ್ತ್ರೀಯ ಮೋಹವೊಂದರಿಂದ ಕೆಡುವ ಗುಣವಂತನಾಗಿ ರಾವಣನನ್ನು ಚಿತ್ರಿಸಿತು. ಕುವೆಂಪು ಅವರ 'ಶ್ರೀರಾಮಾಯಣ ದರ್ಶನಂ' (1949) ಅದೇ ರಾವಣನಿಗೆ ಮನಃಪರಿವರ್ತನೆಯ ದಾರಿ ತೆರೆಯಿತು. ಪರಿಷ್ಕೃತ ಆವೃತ್ತಿ ಎಂಬುದನ್ನು ಕನ್ನಡ ಕಾವ್ಯ ಒಂಬೈನೂರು ವರ್ಷಗಳ ಹಿಂದೆಯೇ ಬಲ್ಲುದಾಗಿತ್ತು.

ಆದರೆ ರಾಕ್ಷಸನ ವರ್ಣನೆ ಒಂದು, ರಾಕ್ಷಸನನ್ನು ಎದುರಾಗುವ ನಿಯಮ ಮತ್ತೊಂದು. ಹಳೆಯ ಆವೃತ್ತಿಗಳ ಬಲ ಎರಡನೆಯದರಲ್ಲಿದೆ. 1974ರ ಹೊತ್ತಗೆಯಲ್ಲಿ ಎದುರಾದ ಜೀವಿಯ ಮನೋಭಾವವನ್ನು ಎರಡು ದಾಳ ಎಸೆದು ತಿಳಿಯುವ ಕೋಷ್ಟಕವಿತ್ತು. ಕಡಿಮೆ ಬಿದ್ದರೆ ವೈರ, ನಡುವೆ ಬಿದ್ದರೆ ಅನಿಶ್ಚಯ, ಹೆಚ್ಚು ಬಿದ್ದರೆ ಸ್ನೇಹ. 1979ರ 'ಡಂಜನ್ ಮಾಸ್ಟರ್ಸ್ ಗೈಡ್' ಅದನ್ನು ಶೇಕಡಾವಾರು ದಾಳಕ್ಕೆ ಹೊಂದಿಸಿತು. ಅಲ್ಲದೆ ಆ ಕಾಲದಲ್ಲಿ ಅನುಭವಾಂಕದ ದೊಡ್ಡ ಪಾಲು ಬರುತ್ತಿದ್ದುದು ತಂದ ಹೊನ್ನಿನಿಂದ. ಕೊಂದದ್ದಕ್ಕೆ ಬರುತ್ತಿದ್ದುದು ಅಲ್ಪ. ಹೀಗಾಗಿ ಜಾಣ ಆಟಗಾರ ಕಾದಾಟವನ್ನು ತಪ್ಪಿಸಿ ಮಾತಿಗೆ, ಉಪಾಯಕ್ಕೆ, ಸಂಧಿಗೆ ಕೈಹಾಕುತ್ತಿದ್ದ. ಹೊನ್ನನ್ನೇ ಅಳತೆಗೋಲಾಗಿಸಿದ ಈ ನೀತಿ ಆಟಗಾರರನ್ನು ಕೊಳ್ಳೆಗಾರರನ್ನಾಗಿ ಮಾಡಿತೆಂಬ ಆಕ್ಷೇಪವೂ ನಿಜವೇ. ಮೂರನೆಯ ಆವೃತ್ತಿಯಿಂದ ಮುಂದೆ ಅನುಭವಾಂಕದ ಕೇಂದ್ರ ಎದುರಾಳಿಯನ್ನು ಗೆಲ್ಲುವುದಕ್ಕೆ ಸರಿಯಿತು. ಸಂಧಾನ ಇಲ್ಲವಾಗಲಿಲ್ಲ, ಅದು ಆಟಗಾರನ ಪಾತ್ರದ ಒಂದು ಕೌಶಲವಾಯಿತು. ರಾಕ್ಷಸನಿಗೇ ಒಂದು ಮನಸ್ಸಿದೆ, ಅದು ಇಂದು ಯಾವ ಕಡೆ ವಾಲಿದೆಯೋ ನೋಡೋಣ ಎಂಬ ಹಳೆಯ ದಾಳದ ಸೌಜನ್ಯ ಹಿಂದೆ ಸರಿಯಿತು.

ಏಕಚಕ್ರಪುರದ ಕಥೆಯನ್ನು ಈ ಎರಡು ಬಗೆಯ ನಿಯಮಗಳಲ್ಲಿ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಮಹಾಭಾರತದ ಆದಿಪರ್ವದಲ್ಲಿ ಬಕ ಬರಿಯ ನರಭಕ್ಷಕನಲ್ಲ, ಆ ಸೀಮೆಯ ಒಡೆಯ. ಅಲ್ಲಿನ ಅರಸ ಅಸಮರ್ಥ. ಹೊರಗಿನ ಶತ್ರುಗಳಿಂದ ಊರನ್ನು ಕಾಯುತ್ತಿರುವವನು ಬಕನೇ. ಅದಕ್ಕಾಗಿ ಅವನು ಕೀಳುವ ಕಂದಾಯ ಒಂದು ಬಂಡಿ ಅನ್ನ, ಎರಡು ಕೋಣ ಮತ್ತು ಅವನ್ನು ಹೊಡೆದುಕೊಂಡು ಹೋಗುವ ಒಬ್ಬ ಮನುಷ್ಯ. ಭೀಮ ಹೋಗಿ ಆ ಬಂಡಿಯ ಅನ್ನವನ್ನು ತಾನೇ ಉಣ್ಣುತ್ತ ಕೂರುತ್ತಾನೆ. ಬಕ ಬೆನ್ನಿಗೆ ಗುದ್ದಿದರೂ ಊಟ ಬಿಟ್ಟೇಳುವುದಿಲ್ಲ. ಕೊಂದ ಮೇಲೆ ನಡೆಯುವುದು ಇನ್ನೂ ಮುಖ್ಯವಾದುದು. ಬಕನ ಬಂಧುಗಳು ಬೆದರಿ ಬರುತ್ತಾರೆ. ಭೀಮ ಅವರನ್ನು ಅಟ್ಟಿ ಕೊಲ್ಲದೆ, ಇನ್ನು ಮುಂದೆ ಮನುಷ್ಯರನ್ನು ಹಿಂಸಿಸಬಾರದೆಂಬ ಒಪ್ಪಂದ ಮಾಡಿಸುತ್ತಾನೆ. ಅಂದಿನಿಂದ ಆ ರಾಕ್ಷಸರು ಸೌಮ್ಯರಾದರೆಂದು ಕಥೆ ಹೇಳುತ್ತದೆ. 2014ರ ಪುಟದಲ್ಲಿ ಈ ಬಂಧುಗಳಿಗೆ ಎಡೆಯಿಲ್ಲ. ನರಕದಲ್ಲಿ ಹುಟ್ಟಿ ನರಕಕ್ಕೆ ಮರಳುವವನೊಡನೆ ಊರಿನವರು ಯಾವ ಕರಾರು ಬರೆದಾರು? 1977ರ ಪುಟದಲ್ಲೂ ಅವರಿಲ್ಲ, ಆದರೆ 1979ರ ಕೋಷ್ಟಕದಲ್ಲಿ ಅವರು ಬರಲು ಬಾಗಿಲಿತ್ತು. ಹಳೆಯ ಗ್ರಂಥ ರಾಕ್ಷಸನನ್ನು ತಪ್ಪಾಗಿ ಬರೆದು ಮಾತಾಡಲು ಬಿಟ್ಟಿತು. ಹೊಸ ಗ್ರಂಥ ಅವನನ್ನು ಜೋಪಾನವಾಗಿ ಬರೆದು, ಮಾತಿನ ಅವಕಾಶವನ್ನು ಕಿರಿದುಗೊಳಿಸಿತು.

ಮಾತಿನ ಅವಕಾಶವೆಂದರೇನೆಂದು ಈ ಸೀಮೆಯ ಕೇಳಿಕೆ ಮತ್ತು ಮೂಡಲಪಾಯದ ಆಟಗಳು ತೋರಿಸುತ್ತವೆ. ಪಾತ್ರ ರಂಗಕ್ಕೆ ಬಂದೊಡನೆ ಸಾರಥಿ ಅದನ್ನು ತಡೆದು ತಾವು ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳುತ್ತಾನೆ. ರಾಕ್ಷಸನಿಗೂ ಇದೇ ಉಪಚಾರ. ಅವನು ಮೊದಲು ತನ್ನ ವಂಶ, ಪರಾಕ್ರಮ, ಹಸಿವು, ಹಗೆ ಎಲ್ಲವನ್ನೂ ಹೇಳಿಕೊಳ್ಳಬೇಕು. ಯುದ್ಧ ಆಮೇಲಿನ ಮಾತು. ಅವನು ಸಾಯುವುದು ಖಚಿತವಾಗಿದ್ದರೂ ಬೆಳಗಿನ ಜಾವದವರೆಗೆ ಜನ ಕೂತಿರುವುದು ಆ ಮಾತಿಗಾಗಿ.

ಈ ವಿವೇಚನೆ ಕೇವಲ ಪರದೇಶದ ಆಟವೊಂದರ ಚರಿತ್ರೆಯಾಗಿ ಉಳಿಯದಿರುವುದಕ್ಕೆ ಕಾರಣವಿದೆ. ಪರವಾನಗಿಯ ಷರತ್ತುಗಳನ್ನು ಬಿಗಿಗೊಳಿಸುವ ಯತ್ನಕ್ಕೆ ಆಟಗಾರರಿಂದ ತೀವ್ರ ವಿರೋಧ ಬಂದಾಗ, 2023ರ ಜನವರಿಯಲ್ಲಿ ಪ್ರಕಾಶಕರು ಐದನೆಯ ಆವೃತ್ತಿಯ ಮೂಲನಿಯಮಗಳ ಸಂಗ್ರಹವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟರು. ಮೂಲವನ್ನು ಹೆಸರಿಸಿ ಯಾರು ಬೇಕಾದರೂ ಅದನ್ನು ಅನುವಾದಿಸಬಹುದು, ಮಾರ್ಪಡಿಸಬಹುದು, ಮಾರಬಹುದು. ರಾಕ್ಷಸನ ಪುಟವೂ ಆ ಸಂಗ್ರಹದಲ್ಲಿದೆ. ಕನ್ನಡದ ಆವೃತ್ತಿಯೊಂದಕ್ಕೆ ಈಗ ಕಾನೂನಿನ ಅಡ್ಡಿಯಿಲ್ಲ. ಆ ಪುಟವನ್ನು ಅನುವಾದಿಸುವವರಿಗೆ ತೊಡಕು ಶೀರ್ಷಿಕೆಯಲ್ಲೇ ಆರಂಭವಾಗುತ್ತದೆ. ಹುಲಿಮುಖದ, ತಿರುಚಿದ ಕೈಯ, ನರಕದ ಆ ಜೀವಿಯನ್ನು 'ರಾಕ್ಷಸ' ಎಂದೇ ಬರೆದರೆ ಕೈವಾರದ ಬೆಟ್ಟದವನ ಹೆಸರನ್ನು ಅವನಿಗೆ ಬಿಟ್ಟುಕೊಟ್ಟಂತಾಗುತ್ತದೆ. ಬೇರೆ ಹೆಸರಿಟ್ಟರೆ ಆ ಪುಟ ಖಾಲಿಯಾಗುತ್ತದೆ. ಆಗ ಬಂಡಿ, ಕೋಣ, ಕರಾರು, ಬಂಧುಗಳೊಂದಿಗೆ ಅದನ್ನು ಹೊಸದಾಗಿ ಬರೆಯಬೇಕಾಗುತ್ತದೆ, ಸಾರಥಿಯ ಮೂರು ಪ್ರಶ್ನೆಗಳನ್ನು ದಾಳ ಎಸೆಯುವುದಕ್ಕೆ ಮುಂಚಿನ ನಿಯಮವಾಗಿಟ್ಟು.