‘ವಂಶವೃಕ್ಷ’ದಲ್ಲಿ ಹಳೆಯ ಕಾಗದಗಳು

ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ 1965ರಲ್ಲಿ ಪ್ರಕಟವಾಯಿತು. ಅದರ ಧರ್ಮವಿಚಾರವನ್ನು ಕುರಿತು ವಿಮರ್ಶಕರು ಸಾಕಷ್ಟು ಬರೆದಿದ್ದಾರೆ; ವಿಧವಾವಿವಾಹದ ಪ್ರಶ್ನೆಯನ್ನೆತ್ತಿಕೊಂಡು ವಾದಿಸಿದವರೂ ಉಂಟು. ಡೆಂಕಣಿಕೋಟೆಯ ಕಡೆಯ ನಮ್ಮಂಥವರಿಗೆ ಆ ಕೃತಿಯಲ್ಲಿ ಬಹುವಾಗಿ ತಟ್ಟುವುದು ಬೇರೊಂದು ಸಂಗತಿ. ಮನುಷ್ಯನಿಗೆ ತನ್ನ ಹಿರಿಯರ ನಿಜವು ಹಳೆಯ ಕಾಗದಗಳಿಂದ ತಿಳಿದುಬಂದರೆ ಅವನ ಗತಿ ಏನು?

ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳಿಗೆ ವಂಶವೆಂಬುದು ಪಿಂಡೋದಕಗಳ ಹೊಣೆ. ಮಗನು ಹೊಳೆಯ ಪಾಲಾದ ಮೇಲೆ ಸೊಸೆ ಕಾತ್ಯಾಯನಿ ಮರುಮದುವೆಯಾಗುತ್ತಾಳೆ. ಮಗು ಚೀನಿ ಮಾತ್ರ ವಂಶದ ಕುಡಿಯಾಗಿ ಅಜ್ಜನ ಮನೆಯಲ್ಲಿಯೇ ಉಳಿಯುತ್ತಾನೆ. ಹೆತ್ತವಳಿಗಿಂತ ವಂಶವೇ ದೊಡ್ಡದೆಂದು ತೀರ್ಮಾನವಾದಂತಾಯಿತು. ಬಹುಕಾಲದ ಬಳಿಕ, ತಾವು ಆ ವಂಶದ ರಕ್ತಕ್ಕೆ ಸೇರಿದವರೇ ಅಲ್ಲವೆಂಬುದು ಮನೆಯ ಹಳೆಯ ಕಾಗದಪತ್ರಗಳಿಂದ ಶ್ರೋತ್ರಿಗಳಿಗೆ ತಿಳಿಯುತ್ತದೆ. ಅವರು ಆಸ್ತಿಯನ್ನು ಬಿಟ್ಟುಕೊಟ್ಟು ಮನೆಯಿಂದ ಹೊರಡುತ್ತಾರೆ. ಇದೇ ಕಾದಂಬರಿಯಲ್ಲಿ ಸದಾಶಿವರಾಯರೆಂಬ ಇತಿಹಾಸಕಾರರು ಭರತಖಂಡದ ಸಂಸ್ಕೃತಿಯ ಚರಿತ್ರೆಯನ್ನು ಸಂಪುಟ ಸಂಪುಟವಾಗಿ ಬರೆಯುತ್ತ ದೇಹವನ್ನು ಸವೆಸುತ್ತಾರೆ. ಅವರ ಸಂಪುಟಗಳು ಯಾರ ಬಾಳನ್ನೂ ಅಲುಗಿಸುವುದಿಲ್ಲ. ಪೆಟ್ಟಿಗೆಯೊಳಗಣ ಕಾಗದ ಅಲುಗಿಸುತ್ತದೆ. ಕಥನದ ಈ ಜೋಡಣೆ ಸಾಮಾನ್ಯವಾದುದಲ್ಲ.

ಆದರೆ ಕಾಗದವನ್ನು ಕುರಿತ ಲೇಖಕರ ಭರವಸೆ ನಮಗೆ ಅತಿಯಾಗಿ ತೋರುತ್ತದೆ. ದಾಖಲೆ ಇಷ್ಟು ಬಾಯಿಬಿಟ್ಟು ಮಾತನಾಡುವುದುಂಟೆ? ನಮ್ಮ ಸೀಮೆಯ ಕಡೆ ನೋಡಬಹುದು. ಬಾರಾಮಹಲು 1792ರ ಒಪ್ಪಂದದಿಂದ ಕಂಪೆನಿಯ ವಶವಾಯಿತು. ಹೊಸೂರು, ಡೆಂಕಣಿಕೋಟೆಗಳ ಘಟ್ಟದ ಮೇಲಣ ಭಾಗವು ಸೇರಿದ್ದು 1799ರಲ್ಲಿ, ಟಿಪ್ಪು ಮಡಿದ ಮೇಲೆ. ಆದುದರಿಂದ ಒಂದೇ ಮನೆತನದ ಜಾಡು ಅಲ್ಲಿಯವರೆಗೆ ಮೈಸೂರಿನ ಕಡೆಗೂ ಅನಂತರ ಮದರಾಸಿನ ಕಡೆಗೂ ಹೊರಳುತ್ತದೆ. ರೈಸರ ಶಾಸನಸಂಪುಟಗಳು ಮೈಸೂರು ಮತ್ತು ಕೊಡಗುಗಳ ಮೇರೆಯೊಳಗೇ ನಿಂತವು. ಇನಾಮು ಭೂಮಿಯಿದ್ದ ಮನೆಯವರಾದರೆ, 1858ರಲ್ಲಿ ಮದರಾಸು ಸರ್ಕಾರ ಆರಂಭಿಸಿದ ಇನಾಮು ಕಮಿಷನ್ನಿನ ರಿಜಿಸ್ಟರುಗಳನ್ನು ಎಳ್ಮೂರಿನ ದಾಖಲೆಗಳ ಭಂಡಾರದಲ್ಲಿ ತೆರೆಸಬೇಕು. ಕೊಟ್ಟವನಾರು, ಪಡೆದವನಾರು, ಈಗ ಅನುಭವಿಸುತ್ತಿರುವವನಾರು: ಖಜಾನೆ ಕೇಳಿದ್ದು ಇಷ್ಟೆ. ವಿಧವೆಯೊಬ್ಬಳು ಹಕ್ಕುದಾರಳಾದಾಗಲಲ್ಲದೆ ಹೆಂಗಸಿನ ಹೆಸರು ಅಲ್ಲಿ ಕಾಣುವುದು ಅಪರೂಪ. ಶಾನುಭೋಗರ ಮನೆಗಳಲ್ಲಿದ್ದ ಕಡತಗಳ ಮಾತೂ ಹಾಗೆಯೇ. ಕಂದಾಯ ಮತ್ತು ಹಿಡುವಳಿಗಳೇ ಅವುಗಳ ಚಿಂತೆ. ತಮಿಳುನಾಡಿನಲ್ಲಿ 1980ರಲ್ಲಿ ವಂಶಪಾರಂಪರ್ಯ ಗ್ರಾಮಾಧಿಕಾರ ರದ್ದಾದ ಮೇಲೆ ಅವುಗಳನ್ನು ಕಾಪಾಡಬೇಕೆಂಬ ಆಸೆಯೂ ಮನೆಗಳಲ್ಲಿ ಸಡಿಲಿತು. ಉಳಿದವುಗಳನ್ನು ಓದಬಲ್ಲ ಕನ್ನಡ ನಮ್ಮ ಮೊಮ್ಮಕ್ಕಳಲ್ಲಿ ಎಷ್ಟು ಜನಕ್ಕಿದೆ?

ಇನ್ನು, ಎತ್ತನ್ನೇರಿ ಮನೆಬಾಗಿಲಿಗೆ ಬಂದು ವಂಶಾವಳಿಯನ್ನು ಹಾಡುವ ಹೆಳವರು. ಅವರ ಹೊತ್ತಗೆ ಖಜಾನೆಯದಲ್ಲ, ಕುಲದ್ದು. ಆದರೆ ಹಾಡಿಸಿಕೊಳ್ಳುವವನು ದವಸ ಅಳೆದುಕೊಡುವ ಯಜಮಾನ. ಅವನ ಮುಂದೆ ಕಳಂಕವನ್ನು ಹಾಡುವರೆ?

ಇಂತಹ ದಾಖಲೆಗಳ ನಡುವೆ ಬದುಕಿದವರಿಗೆ ಶ್ರೋತ್ರಿಗಳ ಕಾಗದವು ಕಾದಂಬರಿಕಾರನ ಅನುಕೂಲವಾಗಿಯೇ ಕಾಣುತ್ತದೆ. ಆ ಅನುಕೂಲವನ್ನು ಮನ್ನಿಸಬಹುದು, ಏಕೆಂದರೆ ಅದರಿಂದ ಹೊಮ್ಮಿದ ಪ್ರಶ್ನೆ ದೊಡ್ಡದು. ಮನ್ನಿಸಲಾಗದುದು ಇನ್ನೊಂದು. ಯಾವ ವಂಶಕ್ಕಾಗಿ ಕಾತ್ಯಾಯನಿ ಮಗನನ್ನು ಬಿಟ್ಟುಬಂದಳೋ ಆ ವಂಶವೇ ಹುಸಿಯೆಂದು ಕಾಗದ ಸಾರುತ್ತದೆ. ಆದರೂ ಗರ್ಭ ನಿಲ್ಲದೆ, ಮನಸ್ಸು ಕೊರಗಿ ಸಾಯುವವಳು ಅವಳೇ. ಸತ್ಯವನ್ನು ತಿಳಿದ ಶ್ರೋತ್ರಿಗಳಿಗೆ ಸಂನ್ಯಾಸದ ಹಾದಿಯನ್ನು ತೆರೆದಿಟ್ಟ ಲೇಖಕರು, ಅವಳಿಗೆ ಬದುಕುವ ಹಾದಿಯೊಂದನ್ನು ಏಕೆ ಹುಡುಕಲಿಲ್ಲವೆಂಬುದಕ್ಕೆ ಕೃತಿಯಲ್ಲಿ ನಮಗೆ ಉತ್ತರ ದೊರೆಯಲಿಲ್ಲ.