ಉಪ್ಪು ಟಬ್ಬಿಗೆ, ಹೊಂಡಕ್ಕಲ್ಲ

ಹೊಂಡದಲ್ಲಿ ಗೆಂಡೆ ಮೀನು ಸಾಕುವವರಿಗೆ ಮಳೆಗಾಲವೆಂದರೆ ಮರಿ ಬಿಡುವ ಕಾಲ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಮರಿಗಳು ಬಿತ್ತನೆ ಕೇಂದ್ರಗಳಿಂದ ಊರೂರಿಗೆ ಹೊರಡುತ್ತವೆ. ಚೀಲ ಬಿಚ್ಚಿ ಸೀದಾ ನೀರಿಗೆ ಸುರಿದರೆ ಮರಿಯ ಜೊತೆಗೆ ಅದರ ಮೈಮೇಲಿನ ಪರೋಪಜೀವಿಗಳೂ ಹೊಂಡ ಸೇರುತ್ತವೆ. ಅವನ್ನು ಹೊಂಡದ ಹೊರಗೇ ತಡೆಯುವುದಕ್ಕೆ ಬೇಕಾದದ್ದು ಒಂದು ಟಬ್ಬು, ಒಂದು ತಕ್ಕಡಿ, ಕೆಲವು ಕಿಲೋ ಕಲ್ಲುಪ್ಪು.

ಸಿಹಿನೀರಿನ ಮೀನಿನ ರಕ್ತದಲ್ಲಿ ಉಪ್ಪಿನಂಶ ಸುಮಾರು ಶೇ 0.9ರಷ್ಟಿರುತ್ತದೆ, ಸುತ್ತಲಿನ ನೀರಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ನೀರು ಸದಾ ಕಿವಿರಿನ ಮೂಲಕ ಒಳನುಗ್ಗುತ್ತದೆ, ಮೀನು ಅದನ್ನು ತೆಳು ಮೂತ್ರವಾಗಿ ಹೊರಹಾಕುತ್ತಲೇ ಇರುತ್ತದೆ. ಸುತ್ತಲಿನ ನೀರು ಉಪ್ಪಾದರೆ ಈ ಹರಿವು ತಿರುಗುತ್ತದೆ. ದೊಡ್ಡ ಮೈಯ, ಲೋಳೆ ಹೊದ್ದ ಮೀನು ಕೆಲವು ನಿಮಿಷ ತಾಳಿಕೊಳ್ಳುತ್ತದೆ. ಟ್ರೈಕೋಡೈನಾ, ಕೋಸ್ಟಿಯಾದಂಥ ಒಂದೇ ಕೋಶದ ಜೀವಿಗಳು ಉಪ್ಪು ಹಚ್ಚಿದ ಮಾವಿನಕಾಯಿ ಹೋಳಿನಂತೆ ನೀರು ಬಿಟ್ಟು ಮುದುಡುತ್ತವೆ. ಮೀನು ಹಳೆಯ ಲೋಳೆಯನ್ನು ಕಳಚುವಾಗ ಅಂಟಿಕೊಂಡಿದ್ದವೂ ಅದರೊಂದಿಗೆ ಹೋಗುತ್ತವೆ. ಮೈ ಮತ್ತು ಕಿವಿರಿನ ಸಣ್ಣ ಚಪ್ಪಟೆ ಹುಳುಗಳ ಮೇಲೂ ಉಪ್ಪು ಕೆಲಸ ಮಾಡುತ್ತದೆ. ಆದರೆ ಕಿವಿರಿನ ಹುಳು ಡ್ಯಾಕ್ಟೈಲೋಗೈರಸ್ ಮೊಟ್ಟೆ ಇಡುವಂಥದ್ದು, ಆ ಮೊಟ್ಟೆಗೆ ಇದು ತಾಗುವುದಿಲ್ಲ.

ನೂರು ಲೀಟರ್ ನೀರಿಗೆ ಒಂದು ಕಿಲೋ ಉಪ್ಪು ಹಾಕಿದರೆ ಶೇ 1ರ ದ್ರಾವಣ, ಮೂರು ಕಿಲೋ ಹಾಕಿದರೆ ಶೇ 3ರದ್ದು. ಬೆರಳುದ್ದದ ಮರಿಗಳಿಗೆ ಶೇ 2ರಿಂದ 3ರ ದ್ರಾವಣದಲ್ಲಿ ಎರಡು ಮೂರು ನಿಮಿಷದ ಅದ್ದು ಸಾಕು. ಶೇ 1ರದ್ದಾದರೆ ಅರ್ಧ ಗಂಟೆಯವರೆಗೆ ಬಿಡಬಹುದು. ಹೊಂಡದ ನೀರನ್ನೇ ಬಳಸಿ, ಉಪ್ಪು ಪೂರ್ತಿ ಕರಗಿದ ಮೇಲೆಯೇ ಮೀನು ಬಿಡಬೇಕು. ತಳದಲ್ಲಿ ಉಳಿದ ಹರಳು ತಾಗಿದರೆ ಕಿವಿರು ಸುಡುತ್ತದೆ. ತಗಡಿನ ಟಬ್ಬು ಬೇಡವೇ ಬೇಡ. ಅದರ ಸತುವು ಉಪ್ಪುನೀರಿನಲ್ಲಿ ಕರಗಿ ಮೀನಿಗೆ ವಿಷವಾಗುತ್ತದೆ. ಅಂಗಡಿಯ ಪುಡಿ ಉಪ್ಪಿನಲ್ಲಿ ಗಂಟು ಕಟ್ಟದಿರಲು ಬೇರೆ ಪದಾರ್ಥ ಸೇರಿಸಿರುತ್ತಾರೆ, ಆದ್ದರಿಂದ ನನ್ನ ಆಯ್ಕೆ ಕಲ್ಲುಪ್ಪೇ. ಗೋಕರ್ಣದ ಬಳಿಯ ಸಾಣಿಕಟ್ಟಾದ ಗದ್ದೆಗಳಲ್ಲಿ ಬಿಸಿಲಿಗೆ ಒಣಗಿದ ಹರಳುಪ್ಪು ಈ ಕೆಲಸಕ್ಕೆ ಒಪ್ಪುತ್ತದೆ.

ಗಡಿಯಾರಕ್ಕಿಂತ ಮೀನೇ ಒಳ್ಳೆಯ ಅಳತೆ. ಮೊದಲು ನಾಲ್ಕೈದು ಮರಿಗಳನ್ನಷ್ಟೇ ಬಿಟ್ಟು ನೋಡಿ. ಮೈ ಪಕ್ಕಕ್ಕೆ ವಾಲಿತೋ, ಎರಡು ನಿಮಿಷ ಆಗಿರಲಿ ಬಿಡಲಿ, ತಕ್ಷಣ ಬಲೆಯಲ್ಲಿ ಎತ್ತಿ ತಿಳಿನೀರಿಗೆ ಹಾಕಬೇಕು. ತಿಳಿನೀರಿನ ಟಬ್ಬು ಪಕ್ಕದಲ್ಲೇ ಸಿದ್ಧವಿರಲಿ. ಹೊತ್ತೇರುವ ಮೊದಲೇ ಈ ಕೆಲಸ ಮುಗಿಸಬೇಕು. ಈಗಷ್ಟೇ ಮೊಟ್ಟೆಯೊಡೆದ ಎಳೆಮರಿಗಳನ್ನು ಇಂಥ ಅದ್ದಿಗೆ ಒಡ್ಡಬಾರದು.

ಇಷ್ಟು ಗುಣ ಕಂಡವರು ಹೊಂಡಕ್ಕೇ ಉಪ್ಪು ಸುರಿದುಬಿಡೋಣ ಎನ್ನುತ್ತಾರೆ. ಲೆಕ್ಕ ಹಾಕಿ. ಅರ್ಧ ಎಕರೆಯ ಹೊಂಡದಲ್ಲಿ ಒಂದು ಮೀಟರ್ ನೀರಿದ್ದರೆ ಸುಮಾರು 20 ಲಕ್ಷ ಲೀಟರ್. ಅದನ್ನು ಬರೀ ಶೇ 0.3ಕ್ಕೆ ಏರಿಸಲು ಆರು ಟನ್, ಅಂದರೆ ಐವತ್ತು ಕಿಲೋದ 120 ಮೂಟೆ ಉಪ್ಪು ಬೇಕು. ಆ ನೀರು ಮುಂದೆ ಹರಿಯುವುದು ಯಾರದೋ ಅಡಿಕೆ ತೋಟಕ್ಕೆ, ಭತ್ತದ ಗದ್ದೆಗೆ. ಎರಡು ಮೂಟೆ ಸುರಿದು ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ. ಅಷ್ಟಕ್ಕೆ ಒಂದು ಟ್ರೈಕೋಡೈನಾವೂ ಸಾಯುವುದಿಲ್ಲ.

ಬಿಳಿ ಚುಕ್ಕೆ ರೋಗದ ಜೀವಿ ಇನ್ನೂ ಹಟಮಾರಿ. ಮೈಮೇಲೆ ಚುಕ್ಕೆಯಾಗಿ ಕಾಣುವ ಹಂತದಲ್ಲಿ ಅದು ಚರ್ಮದ ಅಡಿಯಲ್ಲಿ ಅವಿತಿರುತ್ತದೆ, ಅಲ್ಲಿಗೆ ಉಪ್ಪು ಮುಟ್ಟುವುದಿಲ್ಲ. ಬೆಳೆದ ಮೇಲೆ ಮೀನಿನಿಂದ ಕಳಚಿ ತಳ ಸೇರಿ, ಗೂಡು ಕಟ್ಟಿ ನೂರಾರು ಮರಿಗಳಾಗಿ ಒಡೆಯುತ್ತದೆ. ಅವು ಈಜುತ್ತಾ ಮತ್ತೊಂದು ಮೀನನ್ನು ಹುಡುಕುವಾಗ ಮಾತ್ರ ಉಪ್ಪಿಗೆ ಸಿಕ್ಕುತ್ತವೆ. ಒಂದು ಅದ್ದಿನಿಂದ ಇದು ಹೋಗದು. ತೊಟ್ಟಿಯಲ್ಲಿಟ್ಟ ಮೀನಿಗಾದರೆ ಸೌಮ್ಯ ಉಪ್ಪುನೀರನ್ನು ಈ ಸುತ್ತು ಮುಗಿಯುವ ತನಕ, ಹಲವು ದಿನ ಹಾಗೆಯೇ ಇಡಬೇಕಾಗುತ್ತದೆ. ಬೇಗ ಗುಣವಾಗಲೆಂದು ಮಲಕೈಟ್ ಗ್ರೀನ್ ಕೈಗೆತ್ತಿಕೊಳ್ಳುವುದು ದೊಡ್ಡ ತಪ್ಪು. ಅದರ ಶೇಷ ಮೀನಿನ ಮಾಂಸದಲ್ಲಿ ಉಳಿಯುತ್ತದೆ, ತಿನ್ನುವ ಮೀನಿಗೆ ಅದು ನಿಷಿದ್ಧ.

ಮೀನು ಹೇನಿನ ವಿಷಯದಲ್ಲಿ ಉಪ್ಪನ್ನೇ ನೆಚ್ಚಿಕೊಳ್ಳುವಂತಿಲ್ಲ. ಹೇನು ಮೊಟ್ಟೆ ಇಡುವುದು ಕಲ್ಲು, ಕಂಬದಂಥ ಗಟ್ಟಿ ಮೈಯ ಮೇಲೆ. ಹೊಂಡದಲ್ಲಿ ಬಿದಿರು ಗಳ ನೆಟ್ಟು, ಆಗಾಗ ಕಿತ್ತು ಬಿಸಿಲಿಗೆ ಒಣಗಿಸಿ ಮತ್ತೆ ನೆಡುವುದು ಅದನ್ನು ಹತೋಟಿಯಲ್ಲಿಡುವ ಹಳೆಯ, ನಂಬಬಹುದಾದ ದಾರಿ. ತಲೆಯನ್ನು ಮಾಂಸದೊಳಗೆ ಹೂತುಕೊಂಡ ಲಂಗರು ಹುಳುವಿಗೂ ನಿಮಿಷದ ಉಪ್ಪುಸ್ನಾನದಿಂದ ಏನೂ ಆಗದು.

ಹೊಂಡದ ಮೀನು ದಂಡೆಗೆ ಮೈ ಉಜ್ಜುತ್ತಿದ್ದರೆ, ಮೇವು ಬಿಟ್ಟು ನೀರಿನ ಮೇಲೆ ಬಾಯಿ ತೆರೆಯುತ್ತಿದ್ದರೆ ಉಪ್ಪಿನ ಅಂಗಡಿಗೆ ಓಡುವ ಮೊದಲು ಎರಡು ಮೂರು ಮೀನುಗಳನ್ನು ಹೊಂಡದ ನೀರಿನಲ್ಲೇ ಜೀವಂತವಾಗಿ ಒಯ್ದು ತಜ್ಞರಿಗೆ ತೋರಿಸಿ. ತಾಲ್ಲೂಕಿನ ಮೀನುಗಾರಿಕೆ ಅಧಿಕಾರಿಯನ್ನು ಕೇಳಿ. ಹತ್ತಿರವಿದ್ದರೆ ಮಂಗಳೂರಿನ ಮೀನುಗಾರಿಕೆ ಕಾಲೇಜಿಗೆ ಹೋಗಿ. ಸತ್ತ ಮೀನನ್ನು ಮಾತ್ರ ಒಯ್ಯಬೇಡಿ. ಮೀನು ಸತ್ತ ಕೆಲ ಹೊತ್ತಿನಲ್ಲೇ ಪರೋಪಜೀವಿಗಳು ಅದನ್ನು ಬಿಟ್ಟು ಹೋಗುತ್ತವೆ, ಸೂಕ್ಷ್ಮದರ್ಶಕದ ಕೆಳಗೆ ನೋಡಲು ಏನೂ ಉಳಿದಿರುವುದಿಲ್ಲ.